ತಪ್ಪಲದ ಹೆಸರು ಹೇಳಿದ ದೊಡ್ಡವ್ವ

ದೊಡ್ಡವ್ವನ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಹಸಿರಾಗಿರುತ್ತಿತ್ತು. ಎಲೆಯ ತಾಜಾ ಹಸಿರಲ್ಲ, ಅರೆದ ಸೊಪ್ಪಿನ ರಸ ವರ್ಷಗಟ್ಟಲೆ ಇಂಗಿ ಕಪ್ಪಿಗೆ ತಿರುಗಿದ ಹಸಿರು. ಆ ಬೆರಳಿನಿಂದಲೇ ಅವಳು ಎದುರಿಗೆ ಕೂತವರ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡುತ್ತಿದ್ದಳು. ಮಕ್ಕಳಾದ ನಾವು ಉಂಡಿ ಕೇಳಲು ಹೋದರೂ ಮೊದಲು ರೆಪ್ಪೆ ಎಳೆಯುವುದು, ಆಮೇಲೆ ಮಾತು.

ಅವಳು ಅಪ್ಪನ ಅಣ್ಣನ ಹೆಂಡತಿ. ಮೋಟೆಬೆನ್ನೂರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ರವಿವಾರ ಬೆಳಗಾಯಿತೆಂದರೆ ಅವಳ ಕಟ್ಟೆಯ ಮೇಲೆ ಕಾಮಣಿಯಾದವರು ಹಳದಿ ಕಣ್ಣು ಹೊತ್ತು ಬರಿಹೊಟ್ಟೆಯಲ್ಲಿ ಬಂದು ಕೂತಿರುತ್ತಿದ್ದರು. ಬ್ಯಾಡಗಿಯಿಂದ ಬರುವವರಿದ್ದರು, ರಾಣೇಬೆನ್ನೂರಿನಿಂದಲೂ. ದೊಡ್ಡವ್ವ ಹೊತ್ತು ಹುಟ್ಟುವ ಮೊದಲೇ ಕೆರೆಯ ಹಿಂದೆ ಹೋಗಿ ಸೊಪ್ಪನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದು, ಅರೆದು, ಆಡಿನ ಹಾಲಿನಲ್ಲಿ ಕದಡಿ ಸಣ್ಣ ಬಟ್ಟಲಲ್ಲಿ ಕೊಡುತ್ತಿದ್ದಳು. ಮೂರು ರವಿವಾರ. ಅಷ್ಟು ದಿನ ಉಪ್ಪು, ಎಣ್ಣೆ ಬಂದ್. ಅದು ಯಾವ ಸೊಪ್ಪು, ಯಾವ ಗಿಡದ ತಪ್ಪಲವೆಂದು ಮಾತ್ರ ಯಾರೂ ಕೇಳುವಂತಿರಲಿಲ್ಲ. ಹೆಸರು ಬಾಯಿಂದ ಹೊರಬಿದ್ದರೆ ಗುಣ ಹೋಗುತ್ತದೆ ಎಂದು ಅವಳ ಅತ್ತೆ ಸಾಯುವಾಗ ಕೈಮೇಲೆ ಕೈ ಹಾಕಿಸಿಕೊಂಡು ಆಣೆ ಮಾಡಿಸಿದ್ದಳಂತೆ.

ಒಂದು ಕಡೆ ಕೂರುವ ಹೆಂಗಸಲ್ಲ ಅವಳು. ಅರ್ಧ ಚಹಾ ಕುಡಿದು ಎದ್ದುಬಿಡುತ್ತಿದ್ದಳು. ಔಷಧ ಕುಡಿದವರು ಕಟ್ಟೆಯ ಮೇಲೆ ಸುಧಾರಿಸಿಕೊಳ್ಳುವಾಗ ಇವಳು ಬಾಗಿಲಿನಿಂದ ರಸ್ತೆಗೆ, ರಸ್ತೆಯಿಂದ ಬಾಗಿಲಿಗೆ ಅಡ್ಡಾಡುತ್ತ, "ವಾಂತಿ ಬಂದಂಗ ಆಗೇತೇನು? ತಲಿ ತಿರಗತೈತೇನು?" ಎಂದು ಕೇಳುತ್ತಲೇ ಇರುವಳು. ಅವರು ಬಸ್ಸು ಹತ್ತಿದ ಮೇಲೂ ಆ ದಿಕ್ಕಿಗೆ ನೋಡುತ್ತ ನಿಲ್ಲುವಳು.

ನನ್ನ ಅಣ್ಣ ರಾಣೇಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಹೊಲ ತಿರುಗುವ ಕೆಲಸದಲ್ಲಿದ್ದ. ಒಂದು ಮುಂಗಾರಿನಲ್ಲಿ, ಕೆಲಸ ಮೈಮೇಲೆ ಇರುವಾಗಲೇ, ಅವನ ಕಣ್ಣು ಹಳದಿಯಾದವು. ದೊಡ್ಡವ್ವ ರೆಪ್ಪೆ ಎಳೆದು ನೋಡಿ, ಆ ರವಿವಾರವೇ ಮೊದಲ ಬಟ್ಟಲು ಕುಡಿಸಿದಳು. ಅಣ್ಣನಿಗೆ ತಾಳ್ಮೆ ಇರಲಿಲ್ಲ. "ವಾರಕ್ಕೊಮ್ಮೆ ಕುಡದ್ರ ಯಾವಾಗ ಕಡಿಮಿ ಆಗಬೇಕು? ದಿನಾ ಕುಡದ್ರ ಲಗೂ ಹೋಗತೈತಿ," ಎಂದ. ಎರಡನೆಯ ರವಿವಾರ ನಸುಕಿನಲ್ಲಿ ಅವಳ ಹಿಂದೆಯೇ ದೂರದಿಂದ ಹೋಗಿ ಅವಳು ಕೀಳುವ ಗಿಡ ಯಾವುದೆಂದು ನೋಡಿಕೊಂಡು ಬಂದ. ಮರುದಿನದಿಂದ ಕೆರೆಯವರೆಗೂ ಹೋಗದೆ, ದಾರಿಯಲ್ಲಿದ್ದ ಗೋವಿನಜೋಳದ ಹೊಲದ ಬದುವಿನಿಂದ ಅಂಥದೇ ಎಲೆಯ ಗಿಡಗಳನ್ನು ಹಿಡಿಗಟ್ಟಲೆ ಕಿತ್ತು ತಂದು ಮಿಕ್ಸರಿಗೆ ಹಾಕಿ ಕುಡಿಯತೊಡಗಿದ. ಮೈಕೈ ನೋವೆಂದು ಜ್ವರದ ಗುಳಿಗೆಯನ್ನೂ ನುಂಗುತ್ತಿದ್ದ.

ಮಿಕ್ಸರಿನ ಜಾರು ತೊಳೆಯುತ್ತಿದ್ದವಳು ನಾನು. ಹಸಿ ವಾಸನೆ ಮೂಗಿಗೆ ಬಡಿದು ಕೇಳಿದೆ. "ಯಾರ ಮುಂದೂ ಹೇಳಬ್ಯಾಡ," ಅಂದ. ನಾನು ಹೇಳಲಿಲ್ಲ.

ಎಂಟನೆಯ ದಿನ ಅವನ ಹೊಟ್ಟೆಯಲ್ಲಿ ನೀರೂ ನಿಲ್ಲದಂತಾಯಿತು. ಮಧ್ಯಾಹ್ನದ ಹೊತ್ತಿಗೆ ಇವತ್ತು ಯಾವ ವಾರ ಎಂದು ಕೇಳಿದರೆ ಏನೇನೋ ಬಡಬಡಿಸಿದ. ಹಾವೇರಿಯ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿದ್ದ ವಯಸ್ಸಿನಲ್ಲಿ ಚಿಕ್ಕವರಾದ ಡಾಕ್ಟರಮ್ಮ ಅಪ್ಪನನ್ನು ಕೇಳಿದರು: "ನಾಟಿ ಔಷಧ ಏನಾರ ಕೊಟ್ಟೀರೇನ್ರಿ?"

"ಇಲ್ರಿ, ಏನೂ ಕೊಟ್ಟಿಲ್ರಿ," ಎಂದ ಅಪ್ಪ, ನೆಲ ನೋಡುತ್ತ. ಅತ್ತಿಗೆಯ ಹೆಸರು ಕೆಡಬಾರದೆಂದು ಅವನ ಯೋಚನೆ. ಡಾಕ್ಟರಮ್ಮ ಇನ್ನೊಮ್ಮೆ ಕೇಳಿದರು. ಅದೇ ಉತ್ತರ. ಪಕ್ಕದಲ್ಲೇ ನಿಂತಿದ್ದ ನನಗೆ ಅಪ್ಪನ ಮಾತು ಮೀರಿ ಹೇಳುವ ಧೈರ್ಯ ಬರಲಿಲ್ಲ. ಹೊರಗೆ ಮೆಟ್ಟಿಲ ಹತ್ತಿರ ಓಡಿಹೋಗಿ ದೊಡ್ಡವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ.

ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ. "ಅವ ಕಿತ್ತು ತಂದ ತಪ್ಪಲ ಇನ್ನೂ ಮನಿಯಾಗ ಐತೇನು?" ಎಂದಳು. ಮಿಕ್ಸರಿನ ಹಿಂದೆ ಕ್ಯಾರಿಬ್ಯಾಗಿನಲ್ಲಿದೆ ಎಂದೆ. "ನೀ ಅಲ್ಲೇ ಇರು. ನಾ ತರ್ತೇನಿ."

ಸಿಕ್ಕ ಬಸ್ಸು ಹತ್ತಿ ಬಂದಳು. ಒಂದು ಕೈಯಲ್ಲಿ ಆ ಕ್ಯಾರಿಬ್ಯಾಗು. ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ, ಕೆರೆಯ ಹಿಂದಿನಿಂದ ಬೇರುಸಮೇತ ಕಿತ್ತ ಗಿಡ. "ವೈನಿ, ನೀವ್ಯಾಕ ಬಂದ್ರಿ?" ಎಂದು ಅಪ್ಪ ಅಡ್ಡ ನಿಂತರೆ ಅವನನ್ನು ದಾಟಿಕೊಂಡೇ ಡಾಕ್ಟರಮ್ಮನ ಮೇಜಿನ ಹತ್ತಿರ ಹೋದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಇದು ನೆಲನೆಲ್ಲಿ," ಎಂದಳು. ನಮ್ಮ ಮನೆತನದಲ್ಲಿ ಆ ಹೆಸರು ಅವಳ ಬಾಯಿಂದ ಕೇಳಿದ್ದು ಅದೇ ಮೊದಲು. "ನಾ ಕೊಡೋದು ಇದನ್ನ. ಆಡಿನ ಹಾಲಿನಾಗ, ಸಣ್ಣ ಬಟ್ಟಲ, ವಾರಕ್ಕೊಮ್ಮೆ. ಇವಗ ಮೂರು ಸಲ ಕೊಟ್ಟೇನಿ. ಇವ ತಾನ ಕಿತಗೊಂಡು ಕುಡದದ್ದು ಈ ಚೀಲದಾಗಿಂದು. ಇದರಾಗ ನೆಲನೆಲ್ಲಿ ಅರ್ಧಾ ಐತಿ, ಉಳದದ್ದು ಬ್ಯಾರೆ. ಅದರ ಹೆಸರು ನನಗೂ ಗೊತ್ತಿಲ್ಲ. ಆ ಬದುವಿಗೆ ಕಳೆ ಸಾಯೂ ಎಣ್ಣಿ ಹೊಡೀತಾರ, ಅದನ್ನೂ ಬರಕೋರಿ."

ಆಗ ನನಗೂ ಬಾಯಿ ಬಂತು. "ಜ್ವರದ ಗುಳಿಗಿನೂ ನುಂಗ್ಯಾನ್ರಿ. ದಿನಕ್ಕ ನಾಕೈದು," ಎಂದೆ.

ಡಾಕ್ಟರಮ್ಮ ಎಲ್ಲ ಬರೆದುಕೊಂಡರು. ತಲೆಯೆತ್ತಿ, "ನೆಲನೆಲ್ಲಿ ನಮಗೂ ಗೊತ್ತೈತ್ರಿ ಅವ್ವಾ. ಬರೇ ಗಿಡ ಗೊತ್ತಿದ್ರ ಸಾಲೂದಿಲ್ಲ. ಯಾರಿಗೆ, ಎಷ್ಟು, ಅದರ ಜೋಡಿ ಮತ್ತೇನು ನುಂಗ್ಯಾರ, ಅದು ಗೊತ್ತಾಗಬೇಕು. ನೀವು ಬಂದು ಹೇಳಿದ್ದು ಭಾಳ ಚಲೋ ಆತು," ಎಂದರು. ದೊಡ್ಡವ್ವ ಅವರ ಮುಖವನ್ನೇ ನೋಡುತ್ತ ನಿಂತಳು. ಇಷ್ಟು ವರ್ಷ ಎದೆಯೊಳಗೆ ಬಚ್ಚಿಟ್ಟುಕೊಂಡಿದ್ದ ಹೆಸರು ಊರಿಗೆಲ್ಲ ಗೊತ್ತಿದ್ದದ್ದು.

ಅಣ್ಣ ಉಳಿದ. ಮನೆಗೆ ಬರಲು ತಿಂಗಳು ಹಿಡಿಯಿತು. ಡಿಸ್ಚಾರ್ಜ್ ದಿನ ದೊಡ್ಡವ್ವ ಕೇಳಿದ್ದು ಒಂದೇ ಪ್ರಶ್ನೆ: "ಯಾವುದರಿಂದ ಆತು?" ಕಾಮಣಿಯೇ ತಿರುಗಿರಬಹುದು, ಸೊಪ್ಪಿರಬಹುದು, ಹೊಡೆದ ಎಣ್ಣೆಯಿರಬಹುದು, ಗುಳಿಗೆಯಿರಬಹುದು, ಎಲ್ಲ ಕೂಡಿಯೂ ಇರಬಹುದು, ಇಂಥದ್ದೇ ಎಂದು ಹೇಳಲು ಬರುವುದಿಲ್ಲ ಎಂದರು ಡಾಕ್ಟರಮ್ಮ. ಅದೇ ಅವಳನ್ನು ಕೊರೆಯತೊಡಗಿತು. ನಿನ್ನ ಔಷಧದಿಂದಲೇ ಎಂದು ಅವರು ಹೇಳಿದ್ದರೆ ಅತ್ತು ಸುಮ್ಮನಾಗುತ್ತಿದ್ದಳೇನೋ. ಊಟದ ನಡುವೆ ಎದ್ದು ಹೋಗಿ ನಮ್ಮ ಬಾಗಿಲಲ್ಲಿ ನಿಂತು, "ಅವ ಉಂಡನೇನು?" ಎಂದು ಕೇಳುವಳು. ಐದು ನಿಮಿಷಕ್ಕೆ ಮತ್ತೆ ಬರುವಳು.

ಕಟ್ಟೆಯ ರೀತಿಯೂ ಬದಲಾಯಿತು. ಬಂದವರೆಲ್ಲ ಮೊದಲು ರಕ್ತ ತಪಾಸಣೆಯ ಚೀಟಿ ತೋರಿಸಬೇಕು, ನುಂಗುವ ಗುಳಿಗೆಗಳನ್ನೆಲ್ಲ ತೆಗೆದು ಮುಂದಿಡಬೇಕು. ಕುಡಿತವಿದ್ದವರು, ಸಣ್ಣ ಮಕ್ಕಳು, ಬಸುರಿಯರು, ತೂಕಡಿಸುವವರು ಸೀದಾ ದವಾಖಾನೆಗೆ. ಕೆರೆಯ ಗಿಡ, ಬದುವಿನ ಗಿಡ ಎರಡನ್ನೂ ಹಿಡಿದು ತೋರಿಸಿ, "ನೋಡ್ರಿ, ನಿಮಗ ಎರಡೂ ಒಂದ ಕಾಣತಾವ," ಎನ್ನುವಳು. ಕೆಲವು ತಿಂಗಳಾದ ಮೇಲೆ ಕೊಡುವುದನ್ನೇ ಬಿಟ್ಟಳು. ಬರುವವರು ಮಾತ್ರ ಬರುತ್ತಲೇ ಇದ್ದರು.

ಒಂದು ರವಿವಾರ ಮೇಡ್ಲೇರಿಯಿಂದ ಒಬ್ಬ ತನ್ನ ಬಸುರಿ ಹೆಂಡತಿಯನ್ನು ಕರೆದುಕೊಂಡು ಬಂದ. ಕೊಡುವುದಿಲ್ಲ ಅಂದಾಗ ರೇಗಿದ. "ಅಷ್ಟು ದೂರದಿಂದ ಬಂದೇವಿ. ಹೆಸರು ಹೇಳಿ ಔಷಧದ ಗುಣಾ ಕಳಕೊಂಡೀರಂತ, ಖರೇನ?"

"ಗುಣಾ ಹೋಗೇತೋ ಇಲ್ಲೋ ಗೊತ್ತಿಲ್ಲಪ್ಪಾ. ನನ್ನ ಧೈರ್ಯಾ ಹೋಗೇತಿ. ಬಸರಿ ಹೆಣಮಗಳಿಗೆ ಕಾಮಣಿ ಅಂದ್ರ ಆಟ ಅಲ್ಲ. ಏಳು, ಬಸ್ಸು ಬರೂ ಹೊತ್ತಾತು."

ಅವನು ಏಳಲಿಲ್ಲ. ಅವಳು ಆ ಹುಡುಗಿಯ ತೋಳು ಹಿಡಿದು ಎಬ್ಬಿಸಿ, ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಹೆದ್ದಾರಿಗೆ ನಡೆದು, ತಾನೂ ಹಾವೇರಿ ಬಸ್ಸು ಹತ್ತಿದಳು. ಗಂಡ ಹಿಂದೆ ಓಡಬೇಕಾಯಿತು. ಮಧ್ಯಾಹ್ನ ಮೀರಿ ಬಂದವಳು, "ಸೇರಿಸಿಕೊಂಡ್ರು," ಎಂದಷ್ಟೇ ಹೇಳಿ ಕಸಬರಿಗೆ ಎತ್ತಿಕೊಂಡಳು.

ನಾನು ಈಗ ಬ್ಯಾಡಗಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತೇನೆ. ಆ ಕೋರ್ಸಿಗೆ ಸೇರು ಎಂದು ಬೆನ್ನು ಹತ್ತಿದವಳು ದೊಡ್ಡವ್ವನೇ. ಎಂಟು ದಿನ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಎಂದು ಅವಳು ನನ್ನನ್ನು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಹಗುರಾಗುತ್ತಿದ್ದೆ.

ಹೋದ ವರ್ಷ ಎದೆಯ ಬೇನೆಯಿಂದ ಹಾಸಿಗೆ ಹಿಡಿದಳು. ಮಲಗಿದರೂ ಕಾಲು ಆಡುತ್ತಲೇ ಇರುತ್ತಿದ್ದವು. ಒಂದು ದಿನ ಅಣ್ಣನನ್ನು ಹತ್ತಿರ ಕರೆದಳು. "ಖರೇ ಹೇಳು ತಮ್ಮಾ. ನಿನಗ ಅವತ್ತ ತ್ರಾಸ ಆಗಿದ್ದು ನಾ ಕೊಟ್ಟಿದ್ದರಿಂದೋ, ನೀ ಕುಡದಿದ್ದರಿಂದೋ?"

ಅಣ್ಣ ತಡವರಿಸಲಿಲ್ಲ. "ನಾ ಕುಡದಿದ್ದರಿಂದನ ದೊಡ್ಡವ್ವಾ. ನಿಂದೇನೂ ಇಲ್ಲ."

ಅವಳು ಸಿಟ್ಟಿನಿಂದ ಏಳಲು ನೋಡಿದಳು. "ನಿನಗ ಹೆಂಗ ಗೊತ್ತು? ಡಾಕ್ಟರಿಗೇ ಗೊತ್ತಾಗಲಿಲ್ಲ, ನಿನಗ ಗೊತ್ತಾತೇನು? ಗೊತ್ತಿಲ್ಲ ಅಂತ ಹೇಳು."

ಅಣ್ಣ ಅವಳ ಭುಜ ಹಿಡಿದ. "ಗೊತ್ತಿಲ್ಲ ದೊಡ್ಡವ್ವಾ," ಎಂದ.

"ಹಾಂ, ಹಂಗನ್ನು," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಮೂರನೆಯ ದಿನ ಮುಂಜಾನೆ ತೀರಿಕೊಂಡಳು.

ಮೊದಲ ಉತ್ತರಕ್ಕೇ ಅಂಟಿಕೊಂಡಿದ್ದರೆ ಅವಳು ನೆಮ್ಮದಿಯಿಂದ ಹೋಗುತ್ತಿದ್ದಳೇನೋ ಎಂದು ಅಣ್ಣ ಈಗಲೂ ನನ್ನನ್ನು ಕೇಳುತ್ತಾನೆ. ಇಲ್ಲ ಎನ್ನುತ್ತೇನೆ. ನಮ್ಮ ಮನೆಯವರು ಅವಳಿಗೆ ತಿರುಗಿ ಕೊಟ್ಟ ಖರೇ ಮಾತು ಆ 'ಗೊತ್ತಿಲ್ಲ' ಒಂದೇ.