ಪೂಜೆಗೆ ಮಾತ್ರ ಮುಟ್ಟಿದ ಗೇರು

ಲಡಾಖ್‌ಗೆ ಹೋಗಿಬರಲು ಅಗ್ಗದ ಹಳೇ ಜೀಪು ಹುಡುಕುತ್ತಾ ಮಾದಿಹಳ್ಳಿಯ ತೆಂಗಿನ ತೋಟವೊಂದಕ್ಕೆ ಹೋಗಿದ್ದೆ. ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಸಣ್ಣ ಗೇರು ಸರಿಯಿದ್ದರಷ್ಟೇ ಕೊಳ್ಳುವುದೆಂದುಕೊಂಡಿದ್ದೆ. ಅಲ್ಲಿ ಮಾರಾಟಕ್ಕಿದ್ದ ಜೀಪಿನಲ್ಲಿ ಆ ಗೇರಿನ ಕೋಲಿಗೆ ಮೂರು ಪಟ್ಟೆ ವಿಭೂತಿ ಬಳಿದಿತ್ತು.

“ಒಂದಿನಾನೂ ಹಾಕಿಲ್ಲ ಕಣಮ್ಮ. ಆಯುಧಪೂಜೇಲಿ ಮಾತ್ರ ಮುಟ್ಟೋದು. ಹೊಸದಂಗೇ ಐತೆ,” ಎಂದರು ತೋಟದ ಯಜಮಾನರು.

ಅರಸೀಕೆರೆಯಿಂದ ನಾನು ಕರೆದೊಯ್ದಿದ್ದ ಮೆಕ್ಯಾನಿಕ್ ಎಷ್ಟು ಎಳೆದರೂ ಗೇರು ಅಲುಗಲಿಲ್ಲ.

“ಹಾಕ್ದೇ ಇದ್ದಿದ್ಕೇ ಹಿಡ್ಕೊಂಡೈತೆ ಯಜಮಾನ್ರೇ! ಇದೇನು ಗರ್ಭಗುಡೀನಾ?” ಎನ್ನುತ್ತಾ ಅವನು ಜೀಪಿನಡಿ ನುಸುಳಿ ಎಣ್ಣೆ ಬಿಟ್ಟ.

ಒಂದು ಗಂಟೆಯ ನಂತರ ಗೇರು ಬಿತ್ತು. ಕೆಸರುಗದ್ದೆಗೆ ಇಳಿಸಿದ ಜೀಪು ಸಲೀಸಾಗಿ ಹತ್ತಿ ಬಂತು.

ಯಜಮಾನರು ಬೆರಗಾದರು. “ಅಯ್ಯೋ, ಹೂತ್ಕೊಂಡಾಗೆಲ್ಲ ಟ್ರ್ಯಾಕ್ಟರ್ ಕರೆಸ್ತಿದ್ನಲ್ಲಮ್ಮ!”

ಜೀಪು ಕೊಂಡೆ. ಅವರನ್ನು ನೋಡಿ ನಗಲು ಮಾತ್ರ ಧೈರ್ಯ ಬರಲಿಲ್ಲ. ನನ್ನ ಬೀರುವಿನಲ್ಲೂ ಮಡಿಕೆ ಬಿಚ್ಚದ ರೇಷ್ಮೆ ಸೀರೆಗಳಿವೆ.