ನೆಲಕ್ಕೆ ಕೂರುತ್ತಿದ್ದ ಮೇಡಂ

ನೆಲಕ್ಕೆ ಕೂರುವಾಗ ಮೇಡಂ ಅವರ ಬಲ ಮೊಣಕಾಲು ಲಟಕ್ಕೆನ್ನುತ್ತಿತ್ತು. ಕಾಯಿಲೆಯ ಮಕ್ಕಳನ್ನು ನೋಡಲು ನಾವು ಹೋಗುತ್ತಿದ್ದ ಮಕರಪುರದ ಕಾರ್ಖಾನೆಗಳ ಹಿಂದಿನ ಕೂಲಿಕಾರರ ಶೆಡ್ಡುಗಳಲ್ಲಿ ಕುರ್ಚಿ ಇರುತ್ತಿರಲಿಲ್ಲ. ಇದ್ದರೂ ಅವರಿಗೆ ಬೇಡ. "ಕುರ್ಚಿಂದ ನೋಡಿದ್ರ ಕೂಸಿನ ನೆತ್ತಿ ಅಷ್ಟ ಕಾಣತೈತಿ" ಅನ್ನುತ್ತಿದ್ದರು. ಮಕ್ಕಳ ವೈದ್ಯಕೀಯ ಕಲಿಯಲು ಗದಗಿನಿಂದ ವಡೋದರಾಕ್ಕೆ ಹೋದ ನಾನು, ಬಟ್ಟೆಯ ಇಸ್ತ್ರಿ ಕೆಡುತ್ತದೆಂದು ಮೊದಮೊದಲು ನಿಂತೇ ಇರುತ್ತಿದ್ದೆ.

ಅವರು ಧಾರವಾಡದವರು, ಮದುವೆಯಾಗಿರಲಿಲ್ಲ. ನಮಗೆ ಪಾಠ ಹೇಳುವುದು, ತಾಯಂದಿರಿಗೆ ಬುದ್ಧಿ ಹೇಳುವುದು ಎಲ್ಲ ಗುಜರಾತಿ, ಹಿಂದಿಗಳಲ್ಲೇ. ಕೆಲಸ ಮುಗಿದ ಮೇಲೆ ಮಾತ್ರ ನನ್ನನ್ನು ತಡೆದು, "ಒಂಚೂರು ಕುಂದ್ರು ತಂಗಿ, ಕನ್ನಡದಾಗ ಏನರ ಮಾತಾಡು" ಎನ್ನುತ್ತಿದ್ದರು. ಪಾಠ ಹೇಳುವವರ ಹತ್ತಿರ ಏನು ಮಾತಾಡುವುದು? ನಾನು ಗಡಿಯಾರ ನೋಡುತ್ತಿದ್ದೆ.

ಒಮ್ಮೆ ಭೇದಿಯಾದ ಕೂಸೊಂದಕ್ಕೆ ಓಆರ್‌ಎಸ್ ಪೊಟ್ಟಣ ಕೊಟ್ಟು, ಒಂದು ಲೀಟರ್ ನೀರಿಗೆ ಕಲಸಿ ಕುಡಿಸಲು ಚೀಟಿ ಬರೆದುಕೊಟ್ಟೆ. ಮರುದಿನ ಅದಕ್ಕೆ ಫಿಟ್ಸ್ ಬಂದಿತ್ತು. ತಾಯಿ ಇಡೀ ಪೊಟ್ಟಣವನ್ನು ಒಂದೇ ಲೋಟ ನೀರಿಗೆ ಸುರಿದು ಕುಡಿಸಿದ್ದಳು. ಮೈಯಲ್ಲಿ ಉಪ್ಪು ಏರಿತ್ತು. ಲೀಟರ್ ಎಂದು ಬರೆದಿದ್ದು ಕಾಣಲಿಲ್ಲವೇ ಎಂದು ನಾನು ಅವಳ ಮೇಲೆ ಹರಿಹಾಯ್ದೆ.

ಮೇಡಂ ಬಯ್ಯಲಿಲ್ಲ. "ನೀ ಬರದದ್ದು ಸರಿ ಐತಿ. ಆಕಿಗೆ ಓದಾಕ ಬರತೈತೇನು, ಆಕಿ ಮನ್ಯಾಗ ಲೀಟರ್ ಹಿಡಿಯೂ ಪಾತ್ರಿ ಐತೇನು, ಕೇಳಿದ್ಯಾ?"

ಕೇಳಿರಲಿಲ್ಲ. ಕೂಸು ಬದುಕಿತು. ಅದು ಕಣ್ಣು ಬಿಡುವ ತನಕ ಮೂರು ದಿನ ಮೇಡಂ ವಾರ್ಡು ಬಿಟ್ಟು ಕದಲಲಿಲ್ಲ. ಅಂದಿನಿಂದ ತಾಯಂದಿರ ಕೈಯಲ್ಲೇ ಕಲಸಿಸಿ ನೋಡದೆ ನಾನು ಯಾರನ್ನೂ ಕಳಿಸಿಲ್ಲ. ನನ್ನನ್ನು ಡಾಕ್ಟರಾಗಿ ಮಾಡಿದ್ದು ಆ ಮೂರು ದಿನ.

ಆಮೇಲೆ ಸೂರತ್‌ನಲ್ಲಿ ಕೆಲಸ ಸಿಕ್ಕಿತು. ಮೇಡಂ ಫೋನು ಮಾಡಿದಾಗಲೆಲ್ಲ "ಆಮ್ಯಾಲೆ ಮಾಡ್ತೀನ್ರಿ" ಎನ್ನುತ್ತಿದ್ದೆ, ಮಾಡುತ್ತಿರಲಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ವಡೋದರಾದಿಂದ ನರ್ಸೊಬ್ಬಳು ಫೋನು ಮಾಡಿದಳು. ಮೇಡಂಗೆ ಲಕ್ವ ಹೊಡೆದಿದೆ, ಗುಜರಾತಿ, ಹಿಂದಿ ಎರಡೂ ಪೂರ್ತಿ ಮರೆತುಹೋಗಿವೆ, ಬೆಳಿಗ್ಗೆಯಿಂದ ನಿಮ್ಮ ಭಾಷೆಯಲ್ಲೇ ಏನೋ ಕೇಳುತ್ತಲೇ ಇದ್ದಾರೆ. ನೀರು ಕೊಟ್ಟೆವು, ಹೊದಿಕೆ ಹೊದಿಸಿದೆವು, ಅದಲ್ಲವಂತೆ. ಹಾಗೆಂದು ಫೋನನ್ನು ಅವರ ಬಾಯಿಯ ಹತ್ತಿರ ಹಿಡಿದಳು.

ನಾಲಿಗೆ ತೊದಲುತ್ತಿತ್ತು, ಆದರೆ ನನಗೆ ತಿಳಿಯಿತು. "ಯಾರರ ಬಂದಾರೇನು?"

"ನಾ ಬರಾಕತ್ತೀನ್ರಿ ಮೇಡಂ" ಎಂದೆ.

ಹೊರಗೆ ರೋಗಿಗಳ ಸಾಲಿತ್ತು. ಮುಗಿಸಿಕೊಂಡು ಮರುದಿನ ಹೋದೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ನನ್ನ ಮಾತು ಕೇಳಿದ ಮೇಲೆ ಅವರು ಮತ್ತೇನೂ ಕೇಳಲಿಲ್ಲವಂತೆ. ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದರಂತೆ. ಸೂರತ್‌ನಿಂದ ಅಲ್ಲಿಗೆ ಎರಡೇ ತಾಸು.