ಬೀಸುಕಲ್ಲಿನ ಬಾಯಿಗೆ ಉಸುಕು

ಆಗ ನನಗೆ ಹತ್ತು ವರ್ಷ. ಅದಾಗಿ ಐವತ್ತೈದು ವರ್ಷದ ಮೇಲಾಯಿತು. ಇಳಕಲ್ಲಿನ ನಮ್ಮ ಓಣಿಯಲ್ಲಿ ಆಗಿನ್ನೂ ಮನೆಮನೆಗೆ ಬೀಸುಕಲ್ಲಿತ್ತು. ಕೋಳಿ ಕೂಗುವ ಮೊದಲೇ ಹೆಂಗಸರು ಎದ್ದು ಬೀಸುತ್ತ ಹಾಡುತ್ತಿದ್ದರು. ಹೊಸ ಹಿಟ್ಟಿನ ಬಿಸಿ ವಾಸನೆ ಮೂಗಿಗೆ ಬಡಿದ ಮೇಲೆಯೇ ನಾವು ಮಕ್ಕಳು ಏಳುತ್ತಿದ್ದೆವು.

ಅವ್ವ ಹಾಡುತ್ತಿದ್ದುದು ಒಂದೇ ಹಾಡು. ನನ್ನ ತಮ್ಮ ದಡಾರದಲ್ಲಿ ಸತ್ತ ಮೇಲೆ ತಾನೇ ಕಟ್ಟಿದ್ದು. ಗೋಡೆಗೆ ಮುಖ ಮಾಡಿ ಕೂತು ಹಾಡುತ್ತಿದ್ದಳು. ಎದ್ದ ಮೇಲೆ ಅದರ ಮಾತೆತ್ತುವಂತಿರಲಿಲ್ಲ. ಕೇಳಿದರೆ, "ಅದು ಕಲ್ಲಿಗಿ ಹೇಳೀನಿ, ನಿನಗಲ್ಲ" ಅನ್ನುತ್ತಿದ್ದಳು.

ಆ ಚಳಿಗಾಲದಲ್ಲಿ ಪಕ್ಕದ ಮನೆಯ ಮಾಸ್ತರರಲ್ಲಿಗೆ ಫ್ರಾನ್ಸ್ ದೇಶದ ಹುಡುಗಿಯೊಬ್ಬಳು ಬಂದಳು. ಬಾದಾಮಿ ನೋಡಲು ಬಂದವಳು, ಸೀರೆ ನೇಯುವುದನ್ನೂ ನೋಡುತ್ತೇನೆಂದು ಇಲ್ಲಿ ಇಳಿದಿದ್ದಳು. ಹೆಸರು ಮರಿಯಾನ್. ಓಣಿ ಅವಳನ್ನು ಮರಿಯವ್ವ ಮಾಡಿತು. ಹೆಗಲಲ್ಲಿ ಗಿಟಾರು, ಕೈಯಲ್ಲಿ ಹಾಡು ಹಿಡಿಯುವ ಪೆಟ್ಟಿಗೆ. ತಾನೇ ಹಾಡು ಕಟ್ಟಿ ತಾನೇ ಹಾಡುವವಳಂತೆ.

ಅಪ್ಪ ಅವಳನ್ನು ಊಟಕ್ಕೆ ಕರೆದ. ಅಂಥವಳು ನಮ್ಮ ಮನೆಯಲ್ಲಿ ಉಂಡಳೆಂದು ಓಣಿ ಹೇಳಬೇಕಲ್ಲ. ರೊಟ್ಟಿ, ಪುಂಡಿಪಲ್ಯ, ಅಮೀನಗಡದ ಕರದಂಟು. ಉಣ್ಣುತ್ತ ತನ್ನ ಕತೆ ಹೇಳಿದಳು. ಮಾಸ್ತರರು ಅದನ್ನು ಕನ್ನಡ ಮಾಡಿದರು. ಅವಳಪ್ಪನದು ಸಾರಾಯಿ ಅಂಗಡಿ. ಸಣ್ಣ ಹುಡುಗಿಯನ್ನು ಮೇಜಿನ ಮೇಲೆ ನಿಲ್ಲಿಸಿ ಕುಡುಕರ ಮುಂದೆ ಹಾಡಿಸುತ್ತಿದ್ದನಂತೆ. ಒಲ್ಲೆನೆಂದರೆ ಕಿವಿ ಹಿಂಡುತ್ತಿದ್ದನಂತೆ. ಒಂದು ದಿನ ಆ ಮೇಜಿನ ಮೇಲೆಯೇ ವಾಂತಿ ಮಾಡಿಕೊಂಡಳಂತೆ. ಅವತ್ತಿನಿಂದ, ಯಾರಿಗೂ ಗೊತ್ತಿಲ್ಲದ ಹಾಡಾದರೆ ಹಾಡೆಂದು ಯಾರೂ ಕಾಡುವುದಿಲ್ಲವೆಂದು, ತನ್ನ ಹಾಡು ತಾನೇ ಕಟ್ಟತೊಡಗಿದಳಂತೆ.

"ಅಯ್ಯ ನಮ್ಮವ್ವ, ಎಂಥಾ ಅಪ್ಪ ಇದ್ದಾನ!" ಎಂದು ಅವ್ವ ಅವಳ ರೊಟ್ಟಿಗೆ ಮತ್ತಿಷ್ಟು ತುಪ್ಪ ಹಾಕಿದಳು.

ತುಪ್ಪ ನೆಕ್ಕಿ ಮುಗಿಸಿ ಮರಿಯವ್ವ ಏನೋ ಅಂದಳು. ಮಾಸ್ತರರು ಹಲ್ಲು ಕಿರಿದರು. "ಅಕ್ಕಾರ, ನಸುಕಿನ್ಯಾಗ ಗ್ವಾಡಿ ಆಚಿಂದ ನಿಮ್ಮ ಪದ ಕೇಳ್ಯಾಳಂತ. ಅದು ಬೇಕಂತ್ರಿ."

"ಅದು ಮಂದಿಗಿ ಹಾಡೂದಲ್ರಿ."

"ಹಾಡ," ಅಂದ ಅಪ್ಪ.

"ಕಲ್ಲು ತಿರುವಲಾರ್ದ ಆ ಪದ ಬರೂದಿಲ್ಲ. ಜೋಳ ಹಸನ ಮಾಡಿಲ್ಲ. ಬರೇ ಕಲ್ಲು ತಿರುವಿದ್ರ ಮನಿಗಿ ಕೇಡು."

ಅಪ್ಪ ಅಂಗಳದಿಂದ ಬೊಗಸೆ ಉಸುಕು ತಂದು ಕಲ್ಲಿನ ಬಾಯಿಗೆ ಸುರಿದ. "ತಗೋ. ಇನ್ನ ಬರೇ ಕಲ್ಲಲ್ಲ. ಹಾಡ."

ಉಣ್ಣುವ ಹಿಟ್ಟು ಬೀಸುವ ಕಲ್ಲಿಗೆ ಉಸುಕು! ಮರಿಯವ್ವ ಅದನ್ನು ನೋಡಿದಳು. ಅವ್ವನ ಮುಖವನ್ನೂ ನೋಡಿದಳು. ಬೇಡ ಅನ್ನಲಿಲ್ಲ, ಪೆಟ್ಟಿಗೆಯನ್ನು ಇನ್ನಷ್ಟು ಹತ್ತಿರ ಸರಿಸಿದಳು. ಕಿವಿ ಹಿಂಡಿಸಿಕೊಂಡು ಬೆಳೆದವಳು! ಅವ್ವ ಹಾಡಿದಳು. ಕಲ್ಲು ಕರಕರ ಅಂದಿತು. ಅಪ್ಪ ತಲೆದೂಗುತ್ತ ಕೂತಿದ್ದ. ನಾನು ತಿನ್ನುತ್ತಿದ್ದ ಕರದಂಟನ್ನು ತಾಟಿಗೆ ಹಾಕಿದೆ.

ಈಗ ಅವಳು ತನ್ನ ದೇಶದಲ್ಲಿ ಹೆಸರಾದ ಮುದುಕಿಯಂತೆ. ಮೊನ್ನೆ ಮೊಮ್ಮಗಳು ಮೊಬೈಲಿನಲ್ಲಿ ಹುಡುಕಿ ಅವಳ ಹಾಡು ಹಚ್ಚಿದಳು. ಗಿಟಾರಿನ ಹಿಂದೆ ಅವ್ವನ ದನಿ, ಕಲ್ಲಿನ ಕರಕರ.

"ಆಯಿ, ಎಷ್ಟ ಚಂದ ಐತಿ!"

"ಬಂದ್ ಮಾಡ," ಅಂದೆ.

ಓಣಿಯ ಬೀಸುಕಲ್ಲುಗಳು ಹೋದವು. ಅದಕ್ಕೆ ನಾನು ಅಳುವವಳಲ್ಲ. ನಮ್ಮ ರಟ್ಟೆ ಉಳಿದವು. ಆದರೆ ಅವ್ವನ ದನಿ ಈ ಭೂಮಿಯ ಮೇಲೆ ಉಳಿದಿರುವುದು ಅದೊಂದೇ ಕಡೆ. ಅದರಲ್ಲೂ ಉಸುಕು.

ಹಾಡಿದ ಮರುದಿನ ನಸುಕಿನಲ್ಲಿ ಮನೆ ಸುಮ್ಮನಿತ್ತು. ಅವ್ವ ಕಲ್ಲಿನ ಮೇಲೆ ಚೀಲ ಹೊದಿಸಿದ್ದಳು. "ನಡಿ," ಅಂದಳು. ನಾನು ಜೋಳದ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಗಿರಣಿಗೆ ಹೋದೆ.